ಸಿಡಿಲನಿಗೆ ಬಿದ್ದ ಇಪ್ಪತ್ತು

ಸೇತುವೆ ಮೇಲೆ ನಿಂತ್ಕೊಂಡೇ ಆ ಸೇತುವೆಗೆ ಬೆಂಕಿ ಹಚ್ಚಿದ ಮನುಷ್ಯನ್ನ ನಾನು ಬಲ್ಲೆ. ಅವನ ಹೆಸರು ಸಿಡಿಲ. ಏಳಡಿ ಎತ್ತರ, ಕೈಲಿ ಕೊಡಲಿ, ತಲೇಲಿ ಏನೂ ಇಲ್ಲ. ಅದೇ ಸೇತುವೆ ಮೇಲೆ ಅವನ ಜೊತೆಗಾರರು ಇನ್ನಿಬ್ಬರು ಇದ್ರು: ಬೆಕ್ಕಿ ಅನ್ನೋ ಕಳ್ಳಿ, ನಕ್ಷೆಯಜ್ಜ ಅನ್ನೋ ಮುದುಕ. ಕೆಳಗೆ ಕಣ್ಣಿಗೆ ತಳ ಕಾಣದ ಕಂದಕ.

"ಯಾಕ್ರೀ ಹಚ್ಚಿದ್ರಿ?" ಅಂತ ಬೆಕ್ಕಿ ಕಿರುಚಿದ್ಲು.

"ಚಳಿ ಆಗ್ತಿತ್ತು," ಅಂದ ಸಿಡಿಲ.

ಸಿಡಿಲ ಅಂದ್ರೆ ನಮ್ಮ ಭಾವ, ಅಕ್ಕನ ಗಂಡ. ಬೆಕ್ಕಿ ಅಂದ್ರೆ ನಮ್ಮ ಬೀದಿ ಹಲ್ಲಿನ ಡಾಕ್ಟ್ರಮ್ಮ. ವಾರವೆಲ್ಲಾ ಜನರ ಬಾಯಿಗೆ ಬೆಳಕು ಬಿಟ್ಟು ನೋಡೋ ಕೆಲಸ, ಭಾನುವಾರ ಮಾತ್ರ ಕತ್ತಲಲ್ಲಿ ಬೀಗ ಮುರಿಯೋ ಕೆಲಸ. ನಕ್ಷೆಯಜ್ಜ ಅಂದ್ರೆ ನಿವೃತ್ತ ಲೆಕ್ಕದ ಮೇಷ್ಟ್ರು. ಕಂದಕ, ಸೇತುವೆ, ಆಚೆ ದಡದಲ್ಲಿದ್ದ ಕೋಟೆ, ಇವೆಲ್ಲ ನಾನು.

ಗೊತ್ತಿಲ್ಲದೋರಿಗೆ ಹೇಳ್ತೀನಿ. ಈ ಆಟದಲ್ಲಿ ಒಬ್ಬ ಕಥೆ ನಡೆಸ್ತಾನೆ, ಉಳಿದೋರು ಆ ಕಥೆಯೊಳಗೆ ಒಂದೊಂದು ವೇಷ ಹಾಕ್ಕೊಂಡು ಕೂತಲ್ಲೇ ಓಡಾಡ್ತಾರೆ. "ಬಾಗಿಲು ಒದೀತೀನಿ" ಅಂತ ಒಬ್ರು ಅಂದ್ರೆ, ಮುರಿಯೋದು ಬಾಗಿಲೋ ಕಾಲೋ ಅಂತ ತೀರ್ಮಾನ ಮಾಡೋದು ಇಪ್ಪತ್ತು ಮುಖದ ಒಂದು ದಾಳ. ದೊಡ್ಡ ಅಂಕೆ ಬಿದ್ರೆ ಎಸೆದೋನ ಕೆಲಸ ಆಯ್ತು, ಸಣ್ಣದು ಬಿದ್ರೆ ಕೆಟ್ಟಿತು. ರಾಕ್ಷಸರು, ತೋಳಗಳು, ರಾಜನ ಭಟರು, ಇವರೆಲ್ಲರ ಪರವಾಗಿ ದಾಳ ಹಾಕೋನು ಕಥೆ ನಡೆಸೋನು. ಅವನ ಮುಂದೆ ಒಂದು ರಟ್ಟಿನ ಮರೆ ಇರುತ್ತೆ. ಅದರ ಹಿಂದೆ ಅವನಿಗೇನು ಬಿತ್ತು ಅಂತ ಯಾರಿಗೂ ಕಾಣಲ್ಲ. ಅವನು ಹೇಳಿದ್ದೇ ಅಂಕೆ.

ಇಂಥ ಜಾಗಕ್ಕೆ ನನ್ನನ್ನೇ ಯಾಕೆ ಕೂರಿಸಿದ್ರು ಅಂದ್ರೆ, ನನ್ನ ಕಸುಬು ಹಾಸಿಗೆ ಮಾರೋದು. ಒಬ್ಬ ಗಿರಾಕಿ ನಮ್ಮ ಅಂಗಡೀಲಿ ಹಾಸಿಗೆ ಹೇಗಿದೆ ನೋಡೋಣ ಅಂತ ಸುಮ್ನೆ ಒರಗಿದ. ಎದ್ದಾಗ ಅವನ ಮಗಳಿಗೆ ಮದುವೆ ಆಗಿ ಮೊಮ್ಮಗ ಅಂಬೆಗಾಲಿಡ್ತಿತ್ತು. ಇದನ್ನ ಇಪ್ಪತ್ತು ವರ್ಷದಿಂದ ಹೇಳ್ತಿದೀನಿ. ಯಾರೂ ನಂಬಿಲ್ಲ, ಯಾರೂ ಬರಿಗೈಲಿ ಹೋಗಿಲ್ಲ.

ಆಟ ನಡೆಯೋದು ಅಂಗಡಿ ಹಿಂದಿನ ಗೋದಾಮಿನಲ್ಲಿ, ಭಾನುವಾರ ಮಧ್ಯಾಹ್ನ, ಶಟರ್ ಅರ್ಧ ಇಳಿಸಿ. ಸುತ್ತ ಸೂರಿನ ತನಕ ಹಾಸಿಗೆ. ಎಷ್ಟು ಕೂಗಿದ್ರೂ ಶಬ್ದ ಅಲ್ಲೇ ಹೀರಿಹೋಗುತ್ತೆ. ಕೂರೋದೂ ಹಾಸಿಗೆ ಮೇಲೇ. ಹಾಸಿಗೆ ಮೇಲೆ ದಾಳ ಹಾಕಿದ್ರೆ ಅದು ಉರುಳಲ್ಲ, ಮಲಗಿಬಿಡುತ್ತೆ. ಅದಕ್ಕೆ ಮಧ್ಯದಲ್ಲೊಂದು ಸ್ಟೀಲ್ ಟ್ರೇ. ದಾಳ ಬಿದ್ರೆ ಟಣ್ ಅನ್ನುತ್ತೆ, ಎಲ್ಲರ ಕುತ್ತಿಗೆ ಒಟ್ಟಿಗೆ ಮುಂದೆ ಬಾಗುತ್ತೆ.

ಸೇತುವೆ ಸುಟ್ಟ ದಿನ ಡಾಕ್ಟ್ರಮ್ಮ ಹೋಗೋವಾಗ ಶಟರ್ ಹತ್ರ ನನ್ನ ನಿಲ್ಲಿಸಿದ್ರು. ಮೇಷ್ಟ್ರೂ ನಿಂತ್ರು.

"ನೋಡಿ, ನಿಮ್ಮ ಭಾವ ಒಳ್ಳೆ ಮನುಷ್ಯ. ಆದ್ರೆ ಆ ಸಿಡಿಲ ನಮ್ಮ ಪ್ರಾಣ ತಿಂತಿದಾನೆ. ಮಾತಾಡೋಕೆ ಬಂದ ದೂತನ್ನ ಕಂದಕಕ್ಕೆ ನೂಕಿದ್ರು. ಊಟಕ್ಕೆ ಕರೆದ ರಾಜನ ಗಡ್ಡ ಎಳೆದ್ರು. ನಾನು ಎರಡು ತಿಂಗಳು ಕಷ್ಟಪಟ್ಟು ಕದ್ದ ಬೀಗದ ಕೈ ನುಂಗಿಬಿಟ್ರು!"

"ನುಂಗಿದ್ದು ಸಿಡಿಲ, ಡಾಕ್ಟ್ರಮ್ಮ," ಅಂದೆ.

"ಯಾರು ನುಂಗಿದ್ರೂ ಹೊರಗೆ ತೆಗಿಬೇಕಾದೋಳು ನಾನೇ ತಾನೆ?"

ಮೇಷ್ಟ್ರು ಕನ್ನಡಕ ಒರೆಸ್ತಾ ನಿಧಾನಕ್ಕೆ ಅಂದ್ರು, "ಒಂದು ತಿಂಗಳು ನೋಡೋಣಪ್ಪ. ಅವರು ಸರಿಹೋಗ್ಲಿ, ಇಲ್ಲ ಅಂದ್ರೆ ಅವರನ್ನ ಬಿಡಿಸು. ನಿನ್ನಿಂದಾಗದಿದ್ರೆ ನಾವಿಬ್ರೂ ಬರಲ್ಲ."

ಅವರ ಮಾತಲ್ಲಿ ತಪ್ಪೇನಿರಲಿಲ್ಲ. ಆದ್ರೆ ನಾನು ಬಿಡಿಸೋ ಹಾಗಿರಲಿಲ್ಲ.

ಭಾವ ಕ್ರೇನ್ ನಡೆಸೋರು. ದೊಡ್ಡ ಅಂಗಳ, ಪೈಪು, ಕಬ್ಬಿಣದ ತೊಲೆ, ಅವನ್ನ ಎತ್ತಿ ಇಡೋ ಕೆಲಸ. ಇಪ್ಪತ್ತೆರಡು ವರ್ಷದಲ್ಲಿ ಎತ್ತಿದ್ದನ್ನ ಒಂದ್ಸಲವೂ ಎಲ್ಲಿಗೂ ತಾಗಿಸಿದವರಲ್ಲ. ಎಂಟು ತಿಂಗಳ ಹಿಂದೆ ಒಂದು ಬೆಳಿಗ್ಗೆ ಉಕ್ಕಿನ ಹಗ್ಗ ಹರಿದು ಪೈಪಿನ ಕಟ್ಟು ಕೆಳಗೆ ಬಿತ್ತು. ಕೆಳಗಿದ್ದಿದ್ದು ಹಗ್ಗ ಬಿಗಿದು ಸನ್ನೆ ಕೊಡೋ ಆಳು, ಇವರ ಜೋಡಿ. ಹನ್ನೊಂದು ವರ್ಷ ಇವರು ಮೇಲೆ, ಅವನು ಕೆಳಗೆ. ಆಸ್ಪತ್ರೆ ಬಾಗಿಲು ದಾಟೋ ಹೊತ್ತಿಗೆ ಅವನು ಇರಲಿಲ್ಲ. ವಿಚಾರಣೆ ಆಯ್ತು. ಹಗ್ಗ ಸವೆದಿತ್ತು, ನಡೆಸೋನ ತಪ್ಪಿಲ್ಲ ಅಂತ ಬರೆದ್ರು. ಭಾವ ಮತ್ತೆ ಕ್ರೇನ್ ಹತ್ತಲಿಲ್ಲ. ಉಗ್ರಾಣದಲ್ಲಿ ಕೂತು ಬೋಲ್ಟು ನಟ್ಟು ಬೇರೆ ಬೇರೆ ಡಬ್ಬಿಗೆ ಹಾಕ್ತಾರೆ. ಮನೇಲಿ ಮಾತು ನಿಂತುಹೋಯ್ತು. ಅಕ್ಕ ಒಂದು ತಿಂಗಳು ನೋಡಿ ನನ್ನ ಹತ್ರ ಬಂದ್ಲು.

"ಲೋ, ಅದೇನೋ ಆಡ್ತೀರಲ್ಲ, ಅಲ್ಲಿಗೆ ಇವರನ್ನೂ ಕರ್ಕೋ."

ಕರ್ಕೊಂಡೆ. ಮೊದಲನೇ ಭಾನುವಾರನೇ ತೋಳಗಳ ಗುಂಪು ಬಂತು. ಮರೆ ಹಿಂದೆ ನನಗೆ ಹದಿನೆಂಟು ಬಿತ್ತು. ಅಂದ್ರೆ ಸಿಡಿಲ ಹುಟ್ಟಿ ಒಂದು ಗಂಟೇಲಿ ಸಾಯ್ಬೇಕು. ತಲೆ ಎತ್ತಿ ಭಾವನ ಮುಖ ನೋಡ್ದೆ. ಎಷ್ಟೋ ದಿನದ ಮೇಲೆ ಆ ಕಣ್ಣಲ್ಲಿ ಏನೋ ಆಡ್ತಿತ್ತು.

"ಮೂರು," ಅಂದೆ. "ತಪ್ಪಿತು."

ಆ ಸಂಜೆ ಅಕ್ಕ ಫೋನ್ ಮಾಡಿ ಅತ್ತಳು. ಮೆಟ್ಟಿಲು ಹತ್ತುವಾಗ ಭಾವ ನಕ್ಕಿದ್ರಂತೆ. "ತೋಳದ ಬಾಲ ಹಿಡಿದು ತಿರುಗಿಸಿದೆ ಕಣೇ" ಅಂದ್ರಂತೆ. "ಅವರು ಬಾಯಿಬಿಡೋ ಜಾಗ ಅದೊಂದೇ ಕಣೋ. ಏನೇ ಆಗ್ಲಿ, ಅವರನ್ನ ಅಲ್ಲಿಂದ ಎಬ್ಬಿಸಬೇಡ," ಅಂದ್ಲು. ಆಯ್ತು ಅಂದೆ. ನನ್ನ ಜೀವಮಾನದಲ್ಲಿ ಕೊಟ್ಟ ಮಾತುಗಳಲ್ಲಿ ಉಳಿಸಿಕೊಂಡಿರೋದು ಅದೊಂದೇ, ಅದಕ್ಕೇ ಗಟ್ಟಿಯಾಗಿ ಹಿಡ್ಕೊಂಡಿದ್ದೆ.

ಹೀಗೆ ಒಂದು ಕಡೆ ಅಕ್ಕ, ಇನ್ನೊಂದು ಕಡೆ ಮೇಷ್ಟ್ರು ಮತ್ತು ಡಾಕ್ಟ್ರಮ್ಮ. ಕೈಲಿ ಒಂದು ತಿಂಗಳು.

ಸಿಡಿಲನ್ನ ಬಗ್ಗಿಸೋಕೆ ನಾನು ಮಾಡದ ಉಪಾಯ ಇಲ್ಲ. ರಾಜನ ಭಟರನ್ನ ಬಿಟ್ಟು ಸೆರೆಮನೆಗೆ ಹಾಕಿಸ್ದೆ. ಬಾಗಿಲು ಕಿತ್ತು, ಅದನ್ನೇ ಗುರಾಣಿ ಮಾಡ್ಕೊಂಡು ಬಂದ. ಕೊಡಲಿ ಕಸ್ಕೊಂಡೆ. ಒಬ್ಬ ಭಟನ ಕಾಲು ಹಿಡಿದು ಅವನನ್ನೇ ಬೀಸಿ ಕೊಡಲಿ ವಾಪಸ್ ಕಿತ್ಕೊಂಡ. ಊರೂರಲ್ಲಿ ಡಂಗುರ ಸಾರಿಸಿ ಯಾರೂ ಅವನಿಗೆ ಅನ್ನ ನೀರು ಕೊಡದ ಹಾಗೆ ಮಾಡ್ದೆ. ಮೂರು ದಿನ ಉಪವಾಸ ಬಿದ್ದು, ನಾಲ್ಕನೇ ದಿನ ಡಂಗುರದವನ ಡಂಗುರದ ಚರ್ಮ ಬೇಯಿಸಿ ತಿಂದ. ನಾನು ಸುಳ್ಳು ಹೆಣೆಯೋದನ್ನೇ ಅನ್ನ ಮಾಡ್ಕೊಂಡೋನು, ಆ ಡಂಗುರದ ವಿಷಯ ಮಾತ್ರ ನನಗೂ ಹೊಳೆದಿರಲಿಲ್ಲ.

ಆಮೇಲೆ ವೇಷ ಬಿಚ್ಚಿ ಮಾತಾಡಿದ್ರಾಯ್ತು ಅಂತ, ಒಂದಿನ ಉಗ್ರಾಣದ ಮುಂದೆ ಚಹಾ ಕುಡೀತಾ ಕೇಳ್ದೆ.

"ಭಾವ, ಉಳಿದಿಬ್ಬರಿಗೆ ಬೇಜಾರಾಗ್ತಿದೆ. ಸಿಡಿಲ ಸ್ವಲ್ಪ ತಡ್ಕೊಂಡ್ರೆ ಆಗಲ್ವಾ?"

ಅವರು ಲೋಟದೊಳಗೆ ನೋಡ್ತಾ ಕೂತಿದ್ರು. "ಅವನಿಗೇನೂ ಆಗ್ತಾನೇ ಇಲ್ವಲ್ಲಯ್ಯಾ," ಅಂದ್ರು. "ಆದಾಗ ತಡ್ಕೋತಾನೆ."

"ಅದೃಷ್ಟ ಅವನದು."

"ಹೌದಾ?" ಅಂತ ನನ್ನ ಮುಖ ನೋಡಿದ್ರು. ಆಮೇಲೆ ಲೋಟ ತೊಳೆದಿಟ್ಟು ಒಳಗೆ ಹೋದ್ರು.

ಅಷ್ಟೊತ್ತಿಗೆ ನಾನು ಮರೆ ಹಿಂದೆ ಹೇಳಿದ ಸುಳ್ಳಂಕೆ ಎಷ್ಟೋ. ಹದಿನೇಳು ಬಿದ್ರೆ ಐದು. ಹತ್ತೊಂಬತ್ತು ಬಿದ್ರೆ ಎರಡು. ಎತ್ತರದಿಂದ ಬೀಳೋನ ಕೆಳಗೆ ಹಾಸಿಗೆ ಹಾಸೋದು ನನ್ನ ಕಸುಬೇ ತಾನೆ ಅಂತ ಸಮಾಧಾನ ಹೇಳ್ಕೋತಿದ್ದೆ. ಒಬ್ಬನಿಗೆ ಮಾತ್ರ ಹಾಸ್ತಿದೀನಿ ಅನ್ನೋದು ತಲೆಗೇ ಬರಲಿಲ್ಲ.

ತಿಂಗಳ ಕೊನೇ ಭಾನುವಾರ. ಒಂದು ಸುರಂಗ. ಅದರೊಳಗೆ ಒಬ್ಬ ಕಲ್ಲಿನ ರಾಕ್ಷಸ ಗೋಡೆಗೊರಗಿ ನಿದ್ದೆ ಮಾಡ್ತಿದಾನೆ. ಕಾಲ ಸಂದೀಲಿ ನುಸುಳಿ ಹೋದ್ರೆ ಆಚೆ ಬೆಳಕು. ಆ ದಾರಿ ಕಂಡುಹಿಡಿದಿದ್ದು ನಕ್ಷೆಯಜ್ಜ. ಮೇಷ್ಟ್ರು ಆರು ವರ್ಷದಿಂದ ಅಜ್ಜನ ಕೈಲಿ ಬರೆಸಿದ ನಕ್ಷೆಗಳೆಲ್ಲ ಗ್ರಾಫ್ ಹಾಳೆ ಮೇಲಿದ್ವು. ಮೂಲೆಗೆ ಮೂಲೆ ಹೊಂದಿಸಿ ಅಂಟಿಸಿದ್ರು. ಪೂರ್ತಿ ಬಿಚ್ಚಿದ್ರೆ ಡಬಲ್ ಹಾಸಿಗೆ ಮುಚ್ತಿತ್ತು.

ನಾನು ನಿಯಮ ಮೊದಲೇ ಹೇಳ್ದೆ. "ರಾಕ್ಷಸ ಎದ್ರೆ ಮೊದಲ ಏಟು ಶಬ್ದ ಮಾಡಿದೋನಿಗೆ. ಅದು ತಗುಲಿದ್ರೆ ಅಲ್ಲಿಗೆ ಮುಗೀತು, ಮತ್ತೆ ಮಲಗ್ತಾನೆ. ತಪ್ಪಿದ್ರೆ ಎರಡನೇ ಏಟು ಪಕ್ಕದಲ್ಲಿರೋನಿಗೆ."

ಬೆಕ್ಕಿ ನುಸುಳಿದ್ಲು. ನಕ್ಷೆಯಜ್ಜ ಮಂಡಿ ಊರಿ ಅರ್ಧ ದಾರಿ ಬಂದ. ಡಾಕ್ಟ್ರಮ್ಮ ಉಸಿರು ಹಿಡಿದು ಕೂತಿದ್ರು.

"ಸಿಡಿಲ ಏನ್ ಮಾಡ್ತಾನೆ ಭಾವ?"

"ರಾಕ್ಷಸನ ಕಿವಿ ಹತ್ರ ಹೋಗಿ ಕೂಗ್ತಾನೆ. ಎದ್ದೇಳೋ ಅಂತ."

"ಅಯ್ಯೋ ಬೇಡ್ರೀ!" ಅಂದ್ರು ಡಾಕ್ಟ್ರಮ್ಮ.

ಮೇಷ್ಟ್ರು ನಕ್ಷೆ ಮೇಲೆ ಕೈ ಇಟ್ಕೊಂಡ್ರು.

ನಾನು ಮರೆ ಹಿಂದೆ ದಾಳ ಹಾಕ್ದೆ. ಇಪ್ಪತ್ತು. ಇಪ್ಪತ್ತು ಬಿದ್ರೆ ತಪ್ಪಿಸ್ಕೊಳ್ಳೋ ದಾರಿನೇ ಇಲ್ಲ, ಆಳು ಸತ್ತ ಹಾಗೆ. ಅದು ನಾವೆಲ್ಲ ಸೇರಿ ಮಾಡ್ಕೊಂಡ ನಿಯಮ.

"ನಾಕು," ಅಂದೆ. "ತಪ್ಪಿತು."

ಎರಡನೇ ಏಟು ಅಜ್ಜನಿಗೆ. ದಾಳ ಹಾಕ್ದೆ. ಹತ್ತೊಂಬತ್ತು. ಮುದುಕ, ಒಂದು ಬೆರಳು ತಗುಲಿದ್ರೆ ಸಾಕು. ಇಲ್ಲೂ ಒಂದು ಸಣ್ಣ ಅಂಕೆ ಹೇಳಬಹುದಿತ್ತು. ಆದ್ರೆ ಸುಳ್ಳು ಹೇಳೋರಿಗೂ ಒಂದು ಶಿಸ್ತು ಇರುತ್ತೆ: ಒಂದರ ಬೆನ್ನಿಗೇ ಇನ್ನೊಂದು ಹೇಳಬಾರದು, ಗಿರಾಕಿ ಎದ್ದುಹೋಗ್ತಾನೆ. ಅಭ್ಯಾಸಬಲ. ಬಾಯಿಗೆ ನಿಜ ಬಂದುಬಿಡ್ತು.

"ಹತ್ತೊಂಬತ್ತು."

ಮೇಷ್ಟ್ರು ಪೆನ್ನಿಗೆ ಮುಚ್ಚಳ ಹಾಕಿದ್ರು. ನಕ್ಷೆನ ಮೊದಲಿದ್ದ ಗೆರೆಗಳ ಮೇಲೇ ಮಡಿಸೋಕೆ ಶುರು ಮಾಡಿದ್ರು. ಎರಡು ಸಲ ಗೆರೆ ತಪ್ಪಿತು, ಬಿಚ್ಚಿ ಮತ್ತೆ ಮಡಿಸಿದ್ರು.

"ಆರು ವರ್ಷ ಆಯ್ತಲ್ವಾ," ಅಂದ್ರು, ಯಾರಿಗೂ ಅಲ್ಲ.

"ಮೇಷ್ಟ್ರೇ, ಕೂತ್ಕೊಳ್ಳಿ," ಅಂದ್ರು ಭಾವ. ಆ ಧ್ವನಿ ಸಿಡಿಲನದಲ್ಲ. "ಮೊದಲ್ನೇದು ನಾಕಲ್ಲ. ಇಪ್ಪತ್ತು."

"ನಿಮಗೆ ಹೇಗೆ ಗೊತ್ತು?" ಅಂದ್ರು ಡಾಕ್ಟ್ರಮ್ಮ.

"ಇವತ್ತಿಂದು ಕಾಣಲಿಲ್ಲ. ಆದ್ರೆ ಇವನ ಮುಖ ಕಂಡಿತು, ಇಪ್ಪತ್ತು ಬಿದ್ದೋನ ಮುಖ. ಆರು ತಿಂಗಳ ಹಿಂದೆ ನೀರಿಗೆ ಅಂತ ಎದ್ದಾಗ ಮರೆ ಹಿಂದೆ ಹದಿನೇಳು ನೋಡ್ದೆ. ಇವನು ಐದು ಅಂದ. ಎತ್ತರದಿಂದ ನೋಡೋದು ನನ್ನ ಕೆಲಸ ಆಗಿತ್ತಲ್ಲ." ನನ್ನ ಕಡೆ ತಿರುಗಿದ್ರು. "ಅವತ್ತಿಂದ ನೋಡ್ತಾ ಇದೀನಿ. ಇನ್ನೆಷ್ಟು ಮಾಡಿದ್ರೆ ಇವನು ಒಂದ್ಸಲ ನಿಜ ಹೇಳ್ತಾನೆ ಅಂತ. ದೂತನ್ನ ನೂಕಿದೆ. ಸೇತುವೆ ಸುಟ್ಟೆ. ಹೇಳಲಿಲ್ಲ. ಮರೆ ತೆಗಿಯಯ್ಯಾ."

ತೆಗೆದೆ. ಎರಡನೇ ಎಸೆತದ ಹತ್ತೊಂಬತ್ತು ಹಾಗೇ ಕೂತಿತ್ತು. ಮೊದಲ್ನೇದಕ್ಕೆ ಸಾಕ್ಷಿ ನಾನೊಬ್ಬನೇ.

"ಇಪ್ಪತ್ತೇ," ಅಂದೆ.

ಮೇಷ್ಟ್ರು ನನ್ನನ್ನ ನೋಡಿದ ರೀತಿ ಹೇಳೋಕೆ ಬರಲ್ಲ. ಅವರು ಬೈದಿದ್ರೆ ಚೆನ್ನಾಗಿತ್ತು. "ಅವರು ಹಟ ಮಾಡ್ತಾರೆ ಅಂತ ನಾನು ಇಷ್ಟು ದಿನ ಅವರ ಮೇಲೆ ಕೋಪ ಮಾಡ್ಕೊಂಡಿದ್ದೆ," ಅಂದ್ರು.

"ಅಕ್ಕ ಹೇಳಿದ್ಲು..." ಅಂತ ಶುರು ಮಾಡ್ದೆ.

"ನಿಮ್ಮಕ್ಕ ಎಬ್ಬಿಸಬೇಡ ಅಂದಿದ್ದು ನನಗೂ ಗೊತ್ತು. ಸುಳ್ಳು ಹೇಳು ಅಂದ್ಲಾ?" ಭಾವ ಗಟ್ಟಿಯಾಗೇನೂ ಮಾತಾಡ್ತಿರಲಿಲ್ಲ. "ನೀನು ಈ 'ನಾಕು, ತಪ್ಪಿತು' ಅಂತೀಯಲ್ಲ, ಅವತ್ತು ಆಸ್ಪತ್ರೆ ಮುಂದೆ ಇದೇ ಧ್ವನೀಲಿ 'ಭಾವ, ನಿಮ್ಮ ತಪ್ಪೇನಿಲ್ಲ' ಅಂದೆ. ವಿಚಾರಣೆಯೋರು ಅಂದ್ರು. ನಿಮ್ಮಕ್ಕ ಅಂದ್ಲು. ಹಗ್ಗ ಸವೆದಿತ್ತು, ಅದು ನಿಜ. ಆದ್ರೆ ಅವನು ಕೈ ಎತ್ತಿದ್ದ ಕಣಯ್ಯಾ. ನಿಲ್ಲಿಸು ಅಂತ. ನಾನು ನೋಡ್ದೆ. ಇನ್ನೊಂಚೂರು ಎತ್ತಿ ನಿಲ್ಲಿಸೋಣ ಅಂದ್ಕೊಂಡೆ. ಅಷ್ಟೇ. ಕಣ್ಣು ಮಿಟುಕೋ ಅಷ್ಟು. ಹೇಳೋಕೆ ಹೋದ್ರೆ ಯಾರೂ ಕೇಳಿಸ್ಕೊಳ್ಳಲ್ಲ. ಎಲ್ಲರೂ ಬೆನ್ನು ತಟ್ಟಿ ಚಹಾ ಕೊಡ್ತಾರೆ."

ಡಾಕ್ಟ್ರಮ್ಮ ಬಾಯಿ ತೆರೆದ್ರು. "ನಿಮ್ಮ ತಪ್ಪ..." ಅನ್ನೋಷ್ಟರಲ್ಲಿ ತಾವೇ ತಡೆದು ಮುಚ್ಚಿದ್ರು.

ಮೇಷ್ಟ್ರು ಮಡಿಸಿದ ನಕ್ಷೆನ ಪಕ್ಕಕ್ಕಿಟ್ಟು, ಪಾಠ ಹೇಳೋ ಹಾಗೆ ಅಂದ್ರು, "ಮೊದಲ ಏಟು ಇಪ್ಪತ್ತು. ಅಂದ್ರೆ ತಗುಲಿತು. ತಗುಲಿದ್ರೆ ಎರಡನೇ ಏಟೇ ಇಲ್ಲ. ಅಜ್ಜ ಬದುಕಿದಾನೆ. ಸಿಡಿಲ ಇಲ್ಲ. ಒಪ್ಪಿಗೆನಾ?"

"ಒಪ್ಪಿಗೆ," ಅಂದ್ರು ಭಾವ. ನನಗೆ ಹೇಳಿದ್ರು, "ಸರಿಯಾಗಿ ಹೇಳು. ಹತ್ತಿ ತುಂಬಬೇಡ."

ನಾನು ಹೇಳ್ದೆ. ಜೀವನದಲ್ಲಿ ಅಷ್ಟು ಸಣ್ಣ ಕಥೆ ಹೇಳಿದ್ದಿಲ್ಲ. ಸಿಡಿಲ ಕೂಗ್ದ. ರಾಕ್ಷಸ ಕಣ್ಣು ಬಿಡದೇ ಕೈ ಎತ್ತಿ ಇಳಿಸ್ದ. ಕೊಡಲಿ ಹಿಡಿ ಮುರೀತು, ಬೆನ್ನು ಮುರೀತು. ಕೊನೇ ಮಾತಿಗೆ ಸಮಯ ಇರಲಿಲ್ಲ. ಅಜ್ಜ ಅವನ ಕಾಲು ಹಿಡಿದು ಬೆಳಕಿನ ತನಕ ಎಳ್ಕೊಂಡು ಬಂದ, ಬೆಕ್ಕಿ ಅವನ ಕಣ್ಣು ಮುಚ್ಚಿದ್ಲು. ಭಾವ ಕೊನೇತನಕ ಕೇಳಿ, ಸಿಡಿಲನ ವಿವರ ಬರೆದಿದ್ದ ಹಾಳೆ ನಾಕು ಮಡಿಕೆ ಮಾಡಿ ಜೇಬಲ್ಲಿಟ್ಕೊಂಡು ಎದ್ರು. ಡಾಕ್ಟ್ರಮ್ಮ ಒಂದು ಖಾಲಿ ಹಾಳೆ ಚಾಚಿದ್ರು.

"ಹೊಸಬನ್ನ ಬರೀರಿ. ಮುಂದಿನ ವಾರ ತನ್ನಿ."

ತಗೊಂಡ್ರು. ಆದ್ರೆ ಬರ್ತೀನಿ ಅನ್ನಲಿಲ್ಲ.

ಮುಂದಿನ ಭಾನುವಾರ ಬರಲಿಲ್ಲ. ಬಂದಿದ್ದು ಅಕ್ಕ, ಶಟರ್ ಕೆಳಗೆ ಬಗ್ಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು.

"ಏನ್ ಮಾಡ್ದೆ ನೀನು? ಎಬ್ಬಿಸಬೇಡ ಅಂದಿದ್ನಲ್ಲೋ!"

"ಎಬ್ಬಿಸಲಿಲ್ಲ ಕಣಕ್ಕ. ನಿಜ ಹೇಳ್ದೆ."

"ನೀನಾ?" ಅಂದ್ಲು. ನಿಂತಲ್ಲೇ ಒಂದು ಹಾಸಿಗೆ ಮೇಲೆ ಕುಸಿದು ಕೂತ್ಲು. ಆಮೇಲೆ ಹೇಳಿದ್ಲು. ಭಾವ ಬೆಳಿಗ್ಗೆ ಎದ್ದು ಅಂಗಿ ಇಸ್ತ್ರಿ ಮಾಡ್ಕೊಂಡು ಆ ಸತ್ತೋನ ತಾಯಿ ಮನೆಗೆ ಹೋದ್ರಂತೆ. ಇವಳೂ ಹಿಂದೆ ಹೋಗಿದ್ಲು. ಆ ಮುದುಕಿ ಬಾಗಿಲಲ್ಲೇ ನಿಲ್ಲಿಸಿ ಎಲ್ಲ ಕೇಳಿದ್ಲಂತೆ, ಕೈ ಎತ್ತಿದ್ದು, ನೋಡಿದ್ದು, ತಡ ಮಾಡಿದ್ದು. "ಇಷ್ಟು ತಿಂಗಳಿಂದ ಬಂದೋರೆಲ್ಲ ಹಗ್ಗದ ಮಾತಾಡಿದ್ರು," ಅಂದ್ಲಂತೆ. "ನನ್ನ ಮಗ ಕೈ ಎತ್ತಿದ್ದ, ಅವನ ಕೆಲಸ ಅವನು ಸರಿಯಾಗಿ ಮಾಡ್ದ ಅಂತ ಹೇಳಿದ್ದು ನೀನೊಬ್ಬ." ಅಷ್ಟಂದು ಬಾಗಿಲು ಹಾಕ್ಕೊಂಡ್ಲಂತೆ. ಭಾವ ಮಧ್ಯಾಹ್ನದ ತನಕ ಆ ಮೆಟ್ಟಿಲ ಮೇಲೆ ಕೂತಿದ್ರಂತೆ. ಮತ್ತೆ ಬಾಗಿಲು ತೆಗೀಲಿಲ್ಲ.

"ಕ್ಷಮಿಸಿದ್ಲು ಅಂತನಾ ಅಕ್ಕ?"

"ನನಗೇನ್ ಗೊತ್ತು. ಬಾಗಿಲು ಹಾಕಿದ್ಲು, ಅಷ್ಟೇ. ಬರ್ತಾ ದಾರೀಲಿ ಪೂರ್ತಿ ಮಾತಾಡ್ಕೊಂಡು ಬಂದ್ರು. ಎಲ್ಲಾ ಅವನ ಬಗ್ಗೆನೇ. ಅವನು ಸನ್ನೆ ಮಾಡೋ ರೀತಿ ತೋರಿಸ್ತಿದ್ರು, ನಡುಬೀದೀಲಿ ಕೈ ಎತ್ತಿ." ಅಕ್ಕ ಮೂಗು ಒರೆಸ್ಕೊಂಡ್ಲು. "ನಿನ್ನ ಮೇಲೆ ಸಿಟ್ಟಿದೆ ಅವರಿಗೆ. ಬರ್ತಾರೋ ಇಲ್ವೋ, ನಾನು ಕೇಳಲ್ಲ. ನೀನೂ ಕೇಳಬೇಡ."

ಕೇಳಲಿಲ್ಲ. ಇನ್ನೆರಡು ಭಾನುವಾರ ಮೂರೇ ಜನ ಆಡಿದ್ವಿ. ನಾನೂ ಟ್ರೇಗೇ ದಾಳ ಹಾಕ್ತಿದ್ದೆ. ಸಿಡಿಲ ಇಲ್ಲದ ದಾರಿ ಎಷ್ಟು ಸಲೀಸು ಅಂದ್ರೆ, ಕಾವಲುಗಾರರು ನಮಸ್ಕಾರ ಮಾಡಿ ಒಳಗೆ ಬಿಡ್ತಿದ್ರು. ಡಾಕ್ಟ್ರಮ್ಮ ಎರಡನೇ ವಾರ ಆಕಳಿಸಿದ್ರು. ಭಾವ ಕೂರ್ತಿದ್ದ ಹಾಸಿಗೆ ಮೇಲಿನ ತಗ್ಗು ಇನ್ನೂ ಮೇಲೆದ್ದಿರಲಿಲ್ಲ. ನಮ್ಮ ಅಂಗಡಿ ಹಾಸಿಗೆ ಯಾವತ್ತೂ ತಗ್ಗು ಬೀಳಲ್ಲ ಅಂತ ನಾನು ಗಿರಾಕಿಗಳಿಗೆ ಹೇಳ್ತಾ ಬಂದಿದ್ದೆ.

ಅದರ ಮುಂದಿನ ಭಾನುವಾರ ಒಂದು ಕಬ್ಬಿಣದ ಬಾಗಿಲ ಮುಂದೆ ನಿಂತಿದ್ವಿ. ಅಂಗಡಿ ಶಟರ್ ಕಿರ್ ಅಂತು. ಭಾವ ಬಗ್ಗಿ ಒಳಗೆ ಬಂದ್ರು. ಮೇಷ್ಟ್ರು ಸರಿದು ಜಾಗ ಬಿಟ್ರು. ಭಾವ ಕೂತು, ಡಾಕ್ಟ್ರಮ್ಮ ಕೊಟ್ಟಿದ್ದ ಹಾಳೆ ಬಿಚ್ಚಿದ್ರು. ಹೆಸರಿನ ಜಾಗ ಖಾಲಿ. ಕಸುಬಿನ ಜಾಗದಲ್ಲಿ ಮಾತ್ರ "ಹೊರೆ ಇಳಿಸೋನು" ಅಂತ ಬರೆದಿತ್ತು.

"ಎಲ್ಲಿದೀವಿ?" ಅಂದ್ರು.

"ಒಂದು ಬಾಗಿಲ ಮುಂದೆ," ಅಂದ್ರು ಮೇಷ್ಟ್ರು. "ತಳ್ಳಿದ್ರೆ ಒಳಗೆ ಬೀಳುತ್ತೆ."

ಡಾಕ್ಟ್ರಮ್ಮ ಅಭ್ಯಾಸಬಲಕ್ಕೆ ಬೆಕ್ಕಿಯ ಬೀಗದ ಕೈಗಳನ್ನ ಬರೆದಿದ್ದ ಹಾಳೆನ ಬದಿಗೆ ಸರಿಸ್ಕೊಂಡ್ರು. ಭಾವ ನನ್ನ ಕಡೆ ನೋಡಿದ್ರು. ನಾಕು ವಾರದಲ್ಲಿ ಅದು ಮೊದಲ ಸಲ.

"ಬಾಗಿಲ ಆಚೆ ಯಾರಾದ್ರೂ ನಿಂತಿದಾರಾ?"

"ಗೊತ್ತಿಲ್ಲ ಭಾವ. ಕಿವಿಗೊಟ್ಟು ಕೇಳಿ. ದಾಳ ಹಾಕಿ."

ಟಣ್ ಅಂತು. ನಾಲ್ಕು ತಲೆಗಳೂ ಬಾಗಿದ್ವು. ಎರಡು.

"ಎರಡಕ್ಕೆ ಏನೂ ಕೇಳಿಸಲ್ಲ," ಅಂದೆ.

"ಸರಿ," ಅಂದ್ರು ಭಾವ. "ಹಾಗಾದ್ರೆ ತಳ್ಳೋದು ಬೇಡ. ಕಾಯೋಣ."